ಒಂದು ಪೈಸೆ ಖರ್ಚಿಲ್ಲದ ರಸ್ತೆ ಎಲ್ಲಿದೆ?

ನಿನ್ನೆ ಸಂಜೆ ಬೆಂಗಳೂರಿನ ಒಂದು ಸಭೆಗೆ ಹೋಗಿದ್ದೆ. ಪರದೆಯ ಮೇಲೆ ಕೆನ್ಯಾದ ರಾಜಧಾನಿಯ ನೈರೋಬಿ ಎಕ್ಸ್‌ಪ್ರೆಸ್‌ವೇ ಬಂತು, ಕಂಬಗಳ ಮೇಲೆ ಹಾಯುವ ಟೋಲ್ ರಸ್ತೆ. ಡ್ರೋನ್ ತೆಗೆದ ಚಿತ್ರ, ಇಳಿಬಿಸಿಲು, ಖಾಲಿ ರಸ್ತೆ. ಭಾಷಣಕಾರರು, “ನೋಡಿ, ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲದೆ ಆಫ್ರಿಕಾದವರು ಇಂಥದ್ದನ್ನು ಕಟ್ಟಿಕೊಂಡಿದ್ದಾರೆ” ಎಂದರು. ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ರಾತ್ರಿ ನಿದ್ದೆಯೂ ಹತ್ತಲಿಲ್ಲ.

ಆ ರಸ್ತೆಯ ಕಂಬಗಳು ಒಂದೊಂದಾಗಿ ಏಳುವುದನ್ನು ನಾನು ಕಣ್ಣಾರೆ ಕಂಡವಳು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಏಳು ವರ್ಷ ನೈರೋಬಿಯಲ್ಲಿ ಲೆಕ್ಕ ಬರೆದುಕೊಂಡಿದ್ದೆ. 2020ರ ಕೊನೆಗೆ ಕೆಲಸ ಶುರುವಾದಾಗ ಮೊಂಬಾಸಾ ರಸ್ತೆಯ ದೂಳು ನಮ್ಮ ಕಚೇರಿಯ ಕಡತಗಳ ಮೇಲೂ ಕೂರುತ್ತಿತ್ತು. ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗೆ 27 ಕಿಲೋಮೀಟರು. ಚೀನಾದ ಕಂಪನಿ ಸುಮಾರು 8,800 ಕೋಟಿ ಶಿಲ್ಲಿಂಗ್ (ಕೆನ್ಯಾದ ಹಣ) ಹಾಕಿ ಕಟ್ಟಿತು. ಪ್ರತಿಯಾಗಿ 27 ವರ್ಷ ಟೋಲ್ ಎತ್ತುವ ಹಕ್ಕು ಪಡೆಯಿತು. ರಸ್ತೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗಲು ಎರಡು ಗಂಟೆ ಒದ್ದಾಡುತ್ತಿದ್ದವಳು ಇಪ್ಪತ್ತು ನಿಮಿಷದಲ್ಲಿ ತಲುಪಿದಾಗ ನಾನೂ ಹಿಗ್ಗಿದ್ದೇನೆ.

ಆದರೆ ಖರ್ಚಿಲ್ಲ ಎಂದರೆ ಏನರ್ಥ? ಬಜೆಟ್ಟಿನ ಪುಸ್ತಕದಲ್ಲಿ ಬರೆಯದ ಖರ್ಚು ಖರ್ಚಲ್ಲವೇ?

2022ರ ಮೇ ತಿಂಗಳಲ್ಲಿ ರಸ್ತೆ ತೆರೆದಾಗ ಕಾರಿಗೆ ಪೂರ್ತಿ ದೂರಕ್ಕೆ 360 ಶಿಲ್ಲಿಂಗ್ ಇತ್ತು. 2024ರ ಜನವರಿ 1ರಂದು ಅದು 500 ಆಯಿತು. ರಸ್ತೆ ಒಂದು ಗಜವೂ ಉದ್ದವಾಗಿರಲಿಲ್ಲ. ಶಿಲ್ಲಿಂಗ್ ಬಿದ್ದಿತ್ತು, ಅಷ್ಟೇ. ಡಾಲರಿಗೆ 115ರ ಆಸುಪಾಸಿನಲ್ಲಿದ್ದದ್ದು 160ರ ಹತ್ತಿರಕ್ಕೆ ಇಳಿದಿತ್ತು. ಹಾಕಿದ ಬಂಡವಾಳದ ಲೆಕ್ಕ ಡಾಲರಿನಲ್ಲಿ, ಟೋಲ್ ಕೊಡುವವರ ಸಂಬಳ ಶಿಲ್ಲಿಂಗಿನಲ್ಲಿ. ನಡುವಿನ ಕಂದಕವನ್ನು ಯಾರು ತುಂಬಬೇಕು ಎಂಬುದು ಕರಾರಿನ ದಿನವೇ ತೀರ್ಮಾನವಾಗಿರುತ್ತದೆ. ತುಂಬುವವರು ಆ ದಿನ ಆ ಕೋಣೆಯಲ್ಲಿ ಇರುವುದಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ, ಇದುವರೆಗೆ ಎಲ್ಲೂ ಬರೆದಿಲ್ಲ. ಇಂಥದ್ದೇ ಬೇರೊಂದು ಯೋಜನೆಗೆ, ಹೆಸರು ಬೇಡ, ನಷ್ಟದ ಹೊಣೆ ಯಾರ ಪಾಲಿಗೆ ಎಂಬ ಕೋಷ್ಟಕವನ್ನು ನಾನೇ ತುಂಬಿದ್ದೆ. ನಿರ್ಮಾಣ ತಡವಾದರೆ ಕಂಪನಿ. ವಿನಿಮಯ ದರ ಬಿದ್ದರೆ ಬಳಕೆದಾರ. ವಾಹನ ಕಡಿಮೆ ಬಂದರೆ ಸರ್ಕಾರ. ಮೂರು ಸಾಲು ಬೆರಳಚ್ಚು ಮಾಡಿ, ಕಾಫಿ ಕುಡಿದು, ಮನೆಗೆ ಹೋದೆ. ಎರಡನೆಯ ಸಾಲು ಈಗಲೂ ನನ್ನನ್ನು ಬಿಟ್ಟಿಲ್ಲ.

ಮೂರನೆಯ ಸಾಲಿಗೆ ಉದಾಹರಣೆ ಬೇಕಾದರೆ ದಕ್ಷಿಣ ಆಫ್ರಿಕಾದ ಗೌಟ್ರೇನ್ ನೋಡಿ. 2010ರ ವಿಶ್ವಕಪ್ ಹೊತ್ತಿಗೆ ಓಡಲು ಶುರುವಾದ ರೈಲು. ಕರಾರಿನಲ್ಲಿ ಒಪ್ಪಿದಷ್ಟು ಆದಾಯ ಟಿಕೆಟ್‌ನಿಂದ ಬರದಿದ್ದರೆ ಕೊರತೆಯನ್ನು ಗೌಟೆಂಗ್ ಪ್ರಾಂತ್ಯ ತುಂಬಿಕೊಡಬೇಕಿತ್ತು. ಆ ಮೊತ್ತ ವರ್ಷಕ್ಕೆ ನೂರು ಕೋಟಿ ರ‍್ಯಾಂಡ್ ದಾಟಿತ್ತು. ಹತ್ತದ ಪ್ರಯಾಣಿಕನ ಟಿಕೆಟ್ಟನ್ನು ತೆರಿಗೆದಾರ ಕೊಳ್ಳುತ್ತಿದ್ದ.

ಪಕ್ಕದ ಪುಟ್ಟ ದೇಶ ಲೆಸೊಥೊ ಕಥೆ ಇನ್ನೂ ನೋಯಿಸುತ್ತದೆ, ಏಕೆಂದರೆ ಅದು ಆಸ್ಪತ್ರೆ. ಮಸೇರು ನಗರದಲ್ಲಿ 2011ರಲ್ಲಿ ಕ್ವೀನ್ ಮಮೊಹಾಟೊ ಆಸ್ಪತ್ರೆ ತೆರೆಯಿತು. ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ಎಂಬ ಸಂಸ್ಥೆ ಸಲಹೆ ಕೊಟ್ಟ ಯೋಜನೆ, ಖಾಸಗಿಯವರೊಂದಿಗೆ 18 ವರ್ಷದ ಕರಾರು. 2014ರಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಯ ವರದಿ, ದೇಶದ ಆರೋಗ್ಯ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಈ ಒಂದೇ ಆಸ್ಪತ್ರೆಗೆ ಹೋಗುತ್ತಿದೆ ಎಂದಿತು. ಆ ಲೆಕ್ಕವನ್ನು ವಿಶ್ವಬ್ಯಾಂಕ್ ಒಪ್ಪಲಿಲ್ಲ. ಸರಿ, ಅರ್ಧ ಬೇಡ, ಮೂರನೆಯ ಒಂದು ಪಾಲು ಎನ್ನೋಣ. ಗುಡ್ಡದ ಮೇಲಿನ ಹಳ್ಳಿಗಳ ಚಿಕಿತ್ಸಾಲಯಗಳಿಗೆ ಏನು ಉಳಿಯಿತು? 2021ರಲ್ಲಿ ಸಮಾನ ವೇತನ ಕೇಳಿ ಮುಷ್ಕರ ಹೂಡಿದ ನೂರಾರು ನರ್ಸ್‌ಗಳನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಕರಾರೂ ಮುರಿಯಿತು.

“ಹಾಗಾದರೆ ಕಟ್ಟುವುದೇ ಬೇಡವೇ?” ಎಂದು ನನ್ನ ತಮ್ಮ ಬೆಳಿಗ್ಗೆ ಫೋನಿನಲ್ಲಿ ಕೇಳಿದ. ಆಫ್ರಿಕಾದ ಮೂಲಸೌಕರ್ಯಕ್ಕೆ ವರ್ಷಕ್ಕೆ 130ರಿಂದ 170 ಶತಕೋಟಿ ಡಾಲರ್ ಬೇಕೆಂದು ಆಫ್ರಿಕಾ ಅಭಿವೃದ್ಧಿ ಬ್ಯಾಂಕ್ 2018ರಲ್ಲೇ ಅಂದಾಜು ಮಾಡಿದೆ. ಸರ್ಕಾರಗಳ ಬಳಿ ಅಷ್ಟು ಹಣವಿಲ್ಲ, ನಿಜ. ದಕ್ಷಿಣ ಆಫ್ರಿಕಾದಿಂದ ಮೊಜಾಂಬಿಕ್‌ನ ಮಪುಟೊಗೆ ಹೋಗುವ ಎನ್4 ಹೆದ್ದಾರಿ 1997ರ ಇಂಥದೇ ಕರಾರಿನಿಂದ ಎದ್ದದ್ದು, ಅದೂ ನಿಜ. ಆದರೆ ಅಲ್ಲಿ ತುದಿಗೆ ಬಂದರು ಇತ್ತು, ಸರಕು ಲಾರಿಗಳ ಸಾಲು ಇತ್ತು. ಸ್ಥಳೀಯರಿಗೆ ರಿಯಾಯಿತಿ ಇತ್ತು. ದಕ್ಷಿಣ ಆಫ್ರಿಕಾದ ಕಡೆಯ ಗಳಿಕೆ ಮೊಜಾಂಬಿಕ್ ಕಡೆಯ ಭಾರವನ್ನು ಹಗುರಗೊಳಿಸುವಂತೆ ಲೆಕ್ಕ ಹಾಕಿದ್ದರು. ಹೊರೆ ಹಂಚುವ ಮನಸ್ಸಿದ್ದರೆ ಹಂಚಬಹುದು ಎಂದೇ ಅದರ ಅರ್ಥವಲ್ಲವೇ? ಖರ್ಚಿಲ್ಲ ಎನ್ನುವವರು ಹಂಚುವ ಮಾತಿಗೇ ಬರುವುದಿಲ್ಲ. ತಮ್ಮನಿಗೂ ಇದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ.

ಬಾಗಿಲು ಮುಚ್ಚಿಕೊಂಡು ಮಾತಾಡುವ ಚಾಳಿಯಂತೂ ಸಹಿಸಲಾಗದು. ನಮ್ಮ ದೇಶದ ಅದಾನಿ ಸಮೂಹ ನೈರೋಬಿ ವಿಮಾನ ನಿಲ್ದಾಣವನ್ನು 30 ವರ್ಷಕ್ಕೆ ಕೇಳಿತ್ತು. ಜನರಿಗೆ ಅದು ತಿಳಿದದ್ದು 2024ರ ಜುಲೈನಲ್ಲಿ ಪ್ರಸ್ತಾವ ಸಾಮಾಜಿಕ ಜಾಲತಾಣದಲ್ಲಿ ಸೋರಿದ ಮೇಲೆ. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತಡೆಯಿತು, ಸಿಬ್ಬಂದಿ ಕೆಲಸ ನಿಲ್ಲಿಸಿದರು. ನವೆಂಬರ್ 21ರಂದು ಕೆನ್ಯಾದ ಅಧ್ಯಕ್ಷ ರೂಟೊ ಸಂಸತ್ತಿನಲ್ಲೇ ರದ್ದು ಎಂದು ಘೋಷಿಸಿದರು. ಬೇಕೋ ಬೇಡವೋ ಎಂಬ ಚರ್ಚೆ ಮೊದಲೇ ಬಯಲಿನಲ್ಲಿ ನಡೆದಿದ್ದರೆ ಏನು ಕೆಡುತ್ತಿತ್ತು?

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ನಾನು ‘ದಾದಾ’ ಎಂದೇ ಕರೆಯುತ್ತಿದ್ದೆ; ಸ್ವಾಹಿಲಿಯಲ್ಲಿ ಹಾಗೆಂದರೆ ಅಕ್ಕ. ಮುಕುರು ಕೊಳೆಗೇರಿಯಿಂದ ಅದೇ ಕಂಬಗಳ ಕೆಳಗೆ ನಡೆದು ಬರುತ್ತಿದ್ದಳು, ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು. ಕಾಸು ಇದ್ದ ದಿನ ಮಟಾಟು ಎಂಬ ಖಾಸಗಿ ಮಿನಿಬಸ್ ಹತ್ತುತ್ತಿದ್ದಳು, ಅದೂ ಕೆಳಗಿನ ರಸ್ತೆಯಲ್ಲೇ ತೆವಳುತ್ತಿತ್ತು. “ಮೇಲೆ ಹೋಗುವವರಿಗೆ ಬೇಗ ಆಗುತ್ತದೆಯಂತೆ, ಹೌದಾ?” ಎಂದು ಒಮ್ಮೆ ಕೇಳಿದಳು. ಹೌದು ಎಂದೆ. ತಲೆಯಾಡಿಸಿ ಪಾತ್ರೆ ತೊಳೆಯಲು ಹೋದಳು.

ಭಾಷಣಕಾರರ ವಿಳಾಸ ಸಿಕ್ಕಿದೆ. ನಾಳೆ ಪತ್ರ ಬರೆಯುತ್ತೇನೆ. ಮೊದಲ ಪ್ರಶ್ನೆ: ಟೋಲ್ ದರವನ್ನು ಯಾವ ದೇಶದ ಹಣಕ್ಕೆ ತಳಕು ಹಾಕಿದ್ದಾರೆ? ಎರಡನೆಯದು: ನೀವು ಆ ರಸ್ತೆಯ ಕೆಳಗೆ ನಡೆದಿದ್ದೀರಾ? ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.