ಇಲ್ಲಿ ಟೀಚರಮ್ಮಂಗೇ ವಾರಾನ್ನ

ನಾನಿರೋದು ಅಮೆರಿಕದ ಅಯೋವಾದಲ್ಲಿ, ಮೂಲ ಬಳ್ಳಾರಿ ಕಡೆ. ಇಲ್ಲಿ ಮೆಕ್ಕೆಜೋಳದ ಹೊಲಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಒಂದೇ ಕೋಣೆಯ ಹಳೇ ಶಾಲೆಗಳು ಇನ್ನೂ ನಿಂತಿದಾವೆ. ಮೊದಲ್ನೇ ಸಲ ಒಳಗೆ ಹೋದಾಗ ಸೌದೆ ಒಲೆ, ಮುಂದೊಂದು ಟೇಬಲ್ಲು, ಒಂದರಿಂದ ಎಂಟನೇ ಕ್ಲಾಸ್ ತನಕ ಎಲ್ರೂ ಇದೇ ರೂಮಲ್ಲಿ ಅಂದ್ರು, ನಂಗೆ ನಮ್ಮೂರ ಏಕೋಪಾಧ್ಯಾಯ ಶಾಲೆನೇ ನೆನಪಾಯ್ತು. ಪಾಠ ಹೇಳ್ತಿದ್ದೋರು ಎಷ್ಟೋ ಕಡೆ ಹದಿನೇಳು ಹದಿನೆಂಟರ ಹುಡುಗೀರು, ಅವರ ಊಟ ವಸತಿ ಸರದಿ ಮೇಲೆ ಮಕ್ಕಳ ಮನೆಗಳಲ್ಲೇ. ನಮ್ ಕಡೆ ವಾರಾನ್ನ ಉಂಡು ಓದಿದ್ದು ಹುಡುಗ್ರು, ಇಲ್ಲಿ ಟೀಚರಮ್ಮಂಗೇ ವಾರಾನ್ನ!

ಅಮೆರಿಕದೋರು ಮೊದ್ಲಿಂದ್ಲೂ ಮುಂದೆ ಅನ್ನೋರಿಗೆ ಒಂದು ಮಾತು. ಅಯೋವಾದಲ್ಲಿ ಮೊದಲ ಶಾಲೆ ಶುರುವಾಗಿದ್ದು 1830ರಲ್ಲಿ. ಅದಕ್ಕೂ ಮುಂಚೆ, 1823ರಲ್ಲಿ, ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ ಕೊಟ್ಟ ಲೆಕ್ಕದಲ್ಲಿ ಜಿಲ್ಲೇಲಿ 533 ಶಾಲೆ, 6,641 ಮಕ್ಕಳು, ಕನ್ನಡದಲ್ಲಿ ಕಲಿಸೋವೇ 235. ಮಕ್ಕಳು ಮರಳಲ್ಲಿ ಬೆರಳಿಟ್ಟು ತಿದ್ದೋರು, ಆಮೇಲೆ ಬಟ್ಟೆಗೆ ಗಂಜಿ ಹಾಕಿ ಇದ್ದಿಲು ಬಳಿದು ಮಡಚಿದ ಕಡತದ ಮೇಲೆ ಬಳಪದಲ್ಲಿ ಬರಿಯೋರು. ಬೆಳಗ್ಗೆ ಮೊದ್ಲು ಬಂದೋನ ಅಂಗೈ ಮೇಲೆ ಸರಸ್ವತಿ ಅಂತ ಬರೆಯೋರಂತೆ, ಎರಡನೇಯವ್ನಿಗೆ ಸೊನ್ನೆ, ಮೂರನೇಯವ್ನಿಗೆ ಒಂದೇಟು, ನಾಲ್ಕನೇಯವ್ನಿಗೆ ಎರಡು, ಹಿಂಗೇ ಏರ್ತಾ ಹೋಗೋದು. ನಾನಾಗಿದ್ರೆ ದಿನಾ ಕೈ ಊದಿಸ್ಕೊಂಡು ಬರ್ತಿದ್ದೆ.

ಹಂಗಂತ ವಾಟ್ಸಾಪ್ ಫಾರ್ವರ್ಡ್ ಥರ ಕುಣಿಯೋ ಹಾಗೂ ಇಲ್ಲ, ಆ 6,641ರಲ್ಲಿ ಹುಡುಗೀರು ಬರೀ 60.

ನಂಗೆ ದೊಡ್ಡ ವ್ಯತ್ಯಾಸ ಕಾಣೋದು ಕಾಸಿನ ವಿಷ್ಯದಲ್ಲಿ. ಇಲ್ಲಿ 1785ರ ಕಾನೂನಲ್ಲೇ ಭೂಮಿ ಅಳೆಯೋವಾಗ ಪ್ರತಿ 36 ಚೌಕದಲ್ಲಿ 16ನೇದು, ಅಂದ್ರೆ 640 ಎಕರೆ, ಶಾಲೆಗೆ ಅಂತ ಎತ್ತಿಟ್ರು, ಮಾರಿ ಇಲ್ಲಾ ಬಾಡಿಗೆಗೆ ಕೊಟ್ಟು ಶಾಲೆ ನಡೆಸೋಕೆ. (ಆ ಜಮೀನು ಮೂಲನಿವಾಸಿಗಳಿಂದ ಕಿತ್ಕೊಂಡಿದ್ದು, ನಾನು ನೋಡಿದ ಶಾಲೆ ಮ್ಯೂಸಿಯಮ್ಮಲ್ಲಿ ಆ ಮಾತೇ ಇರ್ಲಿಲ್ಲ.) ನಮ್ಮಲ್ಲಿ ಮೇಷ್ಟ್ರಿಗೆ ಅಪ್ಪ ಅಮ್ಮ ಕೊಟ್ಟಿದ್ದೇ ಗತಿ, ಊರು ಬಡವಾದಂಗೆ ಶಾಲೆನೂ ಮುಚ್ಕೊಂಡು ಹೋಯ್ತು. 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಹೇಳೋಕೆ ನಾಚಿಕೆ ಆಗುತ್ತೆ ಅಂತ ಕ್ಯಾಂಬೆಲ್ ತಾನೇ ಬರೆದಿದಾನೆ.

ಕಡತ ಅಂದ್ರೆ ಈಗ ಆಫೀಸಿನ ಫೈಲು. ನಮ್ಮೂರ ಶಾಲೆಗೆ ಇನ್ನೊಂದು ಕೋಣೆ ಕಟ್ಟಿಸೋದೂ ಅದ್ರೊಳಗೇ ಇದೆ, ಎರಡು ವರ್ಷ ಆಯ್ತು.