ರೇಷ್ಮೆ ದಾರಿಲಿ ಸಿಕ್ಕಿಹಾಕ್ಕೊಂಡ ಮಿವ್ನಾಯ್

ರೇಷ್ಮೆ ದಾರಿ ಅಂದ ತಕ್ಷಣ ಎಲ್ರೂ ಒಂಟೆ, ರೇಷ್ಮೆ, ಚಕ್ರವರ್ತಿಗಳ ಕಥೆ ಶುರು ಮಾಡ್ತಾರೆ. ನಂಗೆ ಮಾತ್ರ ಆ ದಾರಿಲಿ ಸಿಕ್ಕಿಹಾಕ್ಕೊಂಡ ಮಿವ್ನಾಯ್ ಅನ್ನೋ ಹೆಂಗಸು ನೆನಪಾಗ್ತಾಳೆ.

1907ರಲ್ಲಿ ಆರೆಲ್ ಸ್ಟೈನ್ ಅನ್ನೋ ಪುರಾತತ್ವ ಅನ್ವೇಷಕನಿಗೆ ಚೀನಾದ ದುನ್‌ಹುವಾಂಗ್ ಹತ್ರ ಪಾಳುಬಿದ್ದ ಕಾವಲು ಗೋಪುರದಲ್ಲಿ ಒಂದಷ್ಟು ಹಳೇ ಕಾಗದ ಸಿಕ್ವು, ಸೊಗ್ಡಿಯನ್ ಭಾಷೇಲಿ ಬರೆದಿದ್ದು, ಹೆಚ್ಚುಕಮ್ಮಿ ಕ್ರಿ.ಶ. 313ರ ಕಾಲದ್ದು. ಸೊಗ್ಡಿಯನ್ನರು ಅಂದ್ರೆ ಸಮರ್ಕಂದ್ (ಈಗಿನ ಉಜ್ಬೇಕಿಸ್ತಾನ) ಕಡೆಯ ವ್ಯಾಪಾರಸ್ಥರು. ಆ ದಾರಿನ ಈ ತುದಿಯಿಂದ ಆ ತುದಿಗೆ ಪೂರ್ತಿ ನಡೆದವರು ಬಹಳ ಕಮ್ಮಿ, ಸರಕು ಊರಿಂದ ಊರಿಗೆ ಕೈ ಬದಲಾಯಿಸ್ತಾ ಹೋಗ್ತಿತ್ತು, ಹಂಗಾಗಿ ಒಂದೊಂದು ಊರಲ್ಲೂ ತಮ್ಮವರು ಅಂತ ಒಬ್ರು ಇರ್ಲೇಬೇಕಿತ್ತು, ಸೊಗ್ಡಿಯನ್ನರು ಹಂಗೆ ಇದ್ರು. ಒಂದು ಕಾಗದಾನ ರೇಷ್ಮೆ ಬಟ್ಟೇಲಿ ಸುತ್ತಿ ಸಮರ್ಕಂದ್‌ಗೆ ಅಂತ ವಿಳಾಸ ಬರೆದಿದ್ರು. ಬರೆದೋನು ನನೈವಂದಕ್ ಅನ್ನೋ ಸೊಗ್ಡಿಯನ್ ವ್ಯಾಪಾರಿ. ಚೀನಾದ ರಾಜಧಾನಿ ಲುವೊಯಾಂಗ್ ಸುಟ್ಟುಹೋಯ್ತು, ಚಕ್ರವರ್ತಿ ಓಡಿಹೋದ ಅಂತ ಸುದ್ದಿ ಕೊಟ್ಟು, ಅದೇ ಉಸಿರಲ್ಲಿ 32 ಕಸ್ತೂರಿ ಚೀಲ ಕಳ್ಸಿರೋದು, ಒಬ್ಬ ಅನಾಥ ಹುಡುಗನ ದುಡ್ಡಿನ ಬಡ್ಡಿ, ಎಲ್ಲಾ ಬರೀತಾನೆ. ರಾಜ್ಯವೇ ಬಿದ್ದುಹೋಗ್ತಿದ್ರೂ ಲೆಕ್ಕ ಬಿಡ್ಲಿಲ್ಲ! ನನ್ನ ಪ್ರಕಾರ ಆ ದಾರಿ ನಿಂತಿದ್ದೇ ಈ ಲೆಕ್ಕ, ಈ ಸಾಲ, ಈ ನಂಟಿನ ಮೇಲೆ.

ಆದ್ರೆ ನಂಟು ಕೈಕೊಟ್ರೆ? ಮಿವ್ನಾಯ್ ಕಥೆ ಕೇಳಿ, ಅವಳು ಬರೆದ ಕಾಗದಗಳೂ ಅದೇ ಗಂಟಲ್ಲಿ ಸಿಕ್ವು. ಗಂಡನ ಮಾತು ನಂಬಿ, ಅಮ್ಮ ಅಣ್ಣತಮ್ಮಂದಿರ ಮಾತು ಮೀರಿ ದುನ್‌ಹುವಾಂಗ್‌ಗೆ ಬಂದಳು, ಗಂಡ ಅಲ್ಲೇ ಬಿಟ್ಟುಹೋದ. ಮೂರು ವರ್ಷ. ಊರಿಗೆ ಕರ್ಕೊಂಡೋಗಿ ಅಂತ ಗಂಡನ ಕಡೆಯವರನ್ನ ಕೇಳ್ತಾಳೆ, ಆಗಲ್ಲ ಅಂತಾರೆ. ಸಾಲ ಕೇಳ್ತಾಳೆ, ಯಾರೂ ಕೊಡಲ್ಲ. ಉಡೋಕೆ ಬಟ್ಟೆ ಇಲ್ಲ, ಪೂಜಾರಿಯೊಬ್ಬ ಕೊಟ್ಟಿದ್ದರಲ್ಲೇ ಹೊಟ್ಟೆ ಹೊರೀತಾಳೆ. ಹೊರಡೋದಾದ್ರೆ ಒಂಟೆನೂ ಜೊತೆಗೊಬ್ಬ ಆಳನ್ನೂ ಕೊಡ್ತೀನಿ ಅಂದೋನೂ ಅವನೇ. ಗಂಡನಿಗೆ ಬರೆದ ಕಾಗದದಲ್ಲಿ, ನಿನ್ನ ಹೆಂಡ್ತಿ ಆಗೋದಕ್ಕಿಂತ ನಾಯಿಗೋ ಹಂದಿಗೋ ಹೆಂಡ್ತಿ ಆಗಿದ್ರೆ ಚೆನ್ನಾಗಿತ್ತು ಅಂತ ಬರೀತಾಳೆ. ಅದನ್ನ ಓದಿ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. 1,700 ವರ್ಷ ಆದ್ಮೇಲೂ ಆ ಕೋಪದ ಬಿಸಿ ತಟ್ಟುತ್ತೆ ಕಣ್ರೀ.

ವಾಣಿಜ್ಯದ ಇತಿಹಾಸ ಬರೆಯೋರು ಸರಕಿನ ಪಟ್ಟಿ ಕೊಟ್ಟಷ್ಟೇ ಜಾಗ ಇವಳಿಗೂ ಕೊಡ್ಬೇಕು ಅನ್ನೋದು ನನ್ನ ವಾದ. ಆ ಕಾಗದದ ಕೊನೇಲಿ ಮಗಳು ಶಾಯ್ನ್ ಅಪ್ಪನಿಗೆ ಎರಡು ಸಾಲು ಸೇರಿಸಿದ್ದಾಳೆ: ಫರ್ನ್‌ಖುಂದ್ (ಅಪ್ಪನ ಕಡೆಯವನೊಬ್ಬ) ಸಾಲ ಮಾಡಿ ಓಡಿಹೋದ, ಆ ಸಾಲಕ್ಕೆ ನಾನೂ ಅಮ್ಮನೂ ಚೀನೀಯರ ಆಳುಗಳಾಗಿದ್ದೀವಿ.