ಮನೆಯಲ್ಲೇ ಎಕ್ಸ್‌ಚೇಂಜ್, ಸಂಬಳ ಮಾತ್ರ ಕೇಳಬೇಡಿ

ಹಳೇ ಲ್ಯಾಂಡ್‌ಲೈನ್ ಫೋನಿಗೆ ಒಂದು ದೊಡ್ಡ ದೋಷ ಇತ್ತು. ನಮಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಎತ್ತಬೇಕು, ನಂಬರ್ ತಿರುಗಿಸಬೇಕು, ಮಾತಾಡಿ ಇಡಬೇಕು, ಅಷ್ಟೇ. ಗ್ರಹಾಂ ಬೆಲ್ 1876ರಲ್ಲಿ ಪೇಟೆಂಟ್ ಪಡೆದು, ಮುಂದೆ ಎಕ್ಸ್‌ಚೇಂಜ್‌ಗಳು ಬಂದಾಗಿನಿಂದ ಕಷ್ಟದ ಕೆಲಸವೆಲ್ಲ ಎಕ್ಸ್‌ಚೇಂಜಿನವರ ತಲೆಗೆ. ಮಾತಾಡುವವರು ಹೀಗೇ ಸೋಮಾರಿಗಳಾಗಿ ನೂರು ಚಿಲ್ಲರೆ ವರ್ಷ ಬದುಕಿದರು.

ಈಗ ಇಂಟರ್ನೆಟ್ ಫೋನ್ ಬಂದು ಆ ದೋಷ ತಿದ್ದಿದೆ. ಎಕ್ಸ್‌ಚೇಂಜನ್ನೇ ಮಡಚಿ, ಅಡಾಪ್ಟರ್ ಅನ್ನೋ ಪುಟ್ಟ ಡಬ್ಬಿಯಲ್ಲಿ ತುಂಬಿ ಮನೆಗೆ ಕಳಿಸುತ್ತಾರೆ. ‘ಮೂರೇ ಹೆಜ್ಜೆ, ಫೋನ್ ಸಿದ್ಧ’ ಅಂತ ಭರವಸೆ ಬೇರೆ. ವಾಮನನೂ ಕೇಳಿದ್ದು ಮೂರೇ ಹೆಜ್ಜೆ ಅಲ್ವಾ? ಬಲಿಗೆ ಏನಾಯಿತು ಅಂತ ಗೊತ್ತೇ ಇದೆ.

ಮೊದಲ ಹೆಜ್ಜೆ ಸುಲಭ. ಡಬ್ಬಿಯಿಂದ ಒಂದು ವೈರು ರೌಟರಿಗೆ, ಒಂದು ಫೋನಿಗೆ. ಎತ್ತಿದರೆ ಡಯಲ್ ಟೋನ್! ಖುಷಿಪಡಿ. ಆದರೆ ಅದು ಎಲ್ಲಿಂದಲೋ ಬಂದ ಸದ್ದಲ್ಲ. ಹಳೇ ಅಭ್ಯಾಸದವರು ಗಾಬರಿಯಾಗದಿರಲಿ ಅಂತ ಡಬ್ಬಿಯೇ ಹಾಡುವ ಹಾಡು.

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ನಾವು ಸುಮ್ಮನಿದ್ದಾಗ ಡೇಟಾ ಉಳಿಸಲು ಕೆಲವು ಯಂತ್ರಗಳು ಏನನ್ನೂ ಕಳಿಸುವುದಿಲ್ಲ. ಆ ಕಡೆಯವರಿಗೆ ಪೂರ್ತಿ ನಿಶ್ಶಬ್ದ. ಲೈನ್ ಕಟ್ಟಾಯಿತು ಅಂದುಕೊಂಡು ಅವರು ಇಟ್ಟೇಬಿಡುತ್ತಾರೆ. ಹಾಗಾಗಿ ಅವರ ಕಿವಿಗೆ ನಕಲಿ ಗೊರಗೊರ ಬಡಿಸುತ್ತಾರೆ. ಹೆಸರು ಕಂಫರ್ಟ್ ನಾಯ್ಸ್. ಎಂಜಿನಿಯರುಗಳು ತಲೆಮಾರುಗಟ್ಟಲೆ ಒದ್ದಾಡಿ ಲೈನಿನ ಗೊರಗೊರ ತೆಗೆದರು. ಆಮೇಲೆ 2002ರಲ್ಲಿ ಅದನ್ನು ವಾಪಸ್ ಹಾಕೋದು ಹೇಗೆ ಅಂತ ಆರ್‌ಎಫ್‌ಸಿ 3389 ಅನ್ನೋ ಇಂಟರ್ನೆಟ್ ನಿಯಮದ ದಾಖಲೆ ಬರೆದರು. ನೆಮ್ಮದಿಗೂ ಒಂದು ನಂಬರ್ ಸಿಕ್ಕಿತು.

ಎರಡನೇ ಹೆಜ್ಜೆ ಸೆಟ್ಟಿಂಗ್ಸ್. ಕರೆ ಜೋಡಿಸುವುದು ‘ಸಿಪ್’ ಎಂಬ ನಿಯಮಾವಳಿಯ ಕೆಲಸ, ದನಿ ಹೊರುವುದು ‘ಆರ್‌ಟಿಪಿ’ ಎಂಬ ಇನ್ನೊಂದರ ಕೆಲಸ. ಇಬ್ಬರೂ ಬೇರೆ ಬೇರೆ ದಾರಿ ಹಿಡಿಯಬಹುದು. ನಡುವೆ ರೌಟರ್ ಮನೆಯೊಳಗಿನ ಡಬ್ಬಿಯ ನಿಜವಾದ ಇಂಟರ್ನೆಟ್ ವಿಳಾಸ ಮುಚ್ಚಿಡುತ್ತದೆ. ಪರಿಣಾಮ? ಫೋನ್ ರಿಂಗಾಗುತ್ತದೆ, ಅವರು ಎತ್ತುತ್ತಾರೆ, ಅವರ ಮಾತು ಮಾತ್ರ ನಿಮಗೆ ಮುಟ್ಟುವುದಿಲ್ಲ. ನೀವು ‘ಹಲೋ ಹಲೋ’ ಅಂತ ಕೂಗಿ, ಬೈದು, ಕುಕ್ಕಿ ಇಡುವುದು ಅವರಿಗೆ ಚೊಕ್ಕವಾಗಿ ಕೇಳುತ್ತದೆ.

ಇಂಥ ತೊಂದರೆ ತಪ್ಪಿಸಲೆಂದೇ ರೌಟರಿನೊಳಗೆ ‘ಸಿಪ್ ಎಎಲ್‌ಜಿ’ ಎಂಬ ಸಹಾಯಕನನ್ನು ಕೂರಿಸಿದ್ದಾರೆ. ಅವನು ಸಿಪ್ ಕಳಿಸುವ ಪ್ರತಿ ಡೇಟಾ ಪೊಟ್ಟಣ ಬಿಚ್ಚಿ ವಿಳಾಸ ತಿದ್ದುತ್ತಾನೆ. ಎಷ್ಟೋ ಸಲ ತಪ್ಪಾಗಿಯೇ ತಿದ್ದುತ್ತಾನೆ. ಅದಕ್ಕೇ ಬಲ್ಲವರ ಮೊದಲ ಸಲಹೆ: ಆ ಸಹಾಯಕನನ್ನು ಆಫ್ ಮಾಡಿ. ಸ್ವಿಚ್ ಎಲ್ಲಿದೆ? ಕೆಲವು ರೌಟರುಗಳಲ್ಲಿ ಏಳು ಸುತ್ತಿನ ಕೋಟೆಯೊಳಗೆ. ಕೆಲವದರಲ್ಲಿ ಇಲ್ಲವೇ ಇಲ್ಲ.

ಲೆಕ್ಕವೂ ಮಜವಾಗಿದೆ. ದನಿಯನ್ನು ಡೇಟಾ ಮಾಡುವ ಜಿ.711 ಎಂಬ ವಿಧಾನದಲ್ಲಿ ಮಾತಿಗೆ ಬೇಕಾಗಿದ್ದು ಸೆಕೆಂಡಿಗೆ 64 ಕಿಲೋಬಿಟ್. ಲೈನಿನಲ್ಲಿ ಹೋಗುವುದು ಸುಮಾರು 87. ಉಳಿದದ್ದೆಲ್ಲ ಮೇಲೆ ಅಂಟಿಸಿದ ವಿಳಾಸ, ಚೀಟಿ, ಮೊಹರು. ಸರ್ಕಾರಿ ಕಚೇರಿ ನೋಡಿದವರಿಗೆ ಇದು ಕಡಿಮೆ ಅಂತಲೇ ಅನ್ನಿಸಬಹುದು.

ಇನ್ನು ಕರೆಂಟು. ಹಳೇ ಎಕ್ಸ್‌ಚೇಂಜ್ ತಾಮ್ರದ ತಂತಿಯಲ್ಲೇ ಸುಮಾರು 48 ವೋಲ್ಟ್ ಕಳಿಸುತ್ತಿತ್ತು. ಮನೆ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಈಗ ಕರೆಂಟು ಹೋದರೆ ಅಡಾಪ್ಟರ್, ರೌಟರ್ ಎರಡೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ಕರೆಂಟು ಹೋಯಿತು ಅಂತ ದೂರು ಕೊಡಲು ಕರೆಂಟು ಬರುವ ತನಕ ಕಾಯಬೇಕು. ತುರ್ತು ಕರೆಯದ್ದು ಇನ್ನೂ ಚಂದ. ಡಬ್ಬಿ ಎಲ್ಲಿದೆ ಅನ್ನೋದು ಅದಕ್ಕೇ ಗೊತ್ತಿರುವುದಿಲ್ಲ. ವಿಳಾಸ ನೀವೇ ಬರೆದುಕೊಡಬೇಕು. ಮನೆ ಬದಲಿಸಿ, ತಿದ್ದೋದು ಮರೆತರೆ, ಆಂಬುಲೆನ್ಸ್ ಹಳೇ ಮನೆಯವರ ಆರೋಗ್ಯ ವಿಚಾರಿಸಲು ಹೋಗಬಹುದು. ಸಣ್ಣಕ್ಷರದಲ್ಲಿ ಒಂದು ಪರಿಹಾರ ಮುದ್ರಿಸಿರುತ್ತಾರೆ: ತುರ್ತಿಗೆ ಬೇರೊಂದು ಫೋನ್ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ, ಕರೆ ಮಾಡುವುದು. ಸಹಾಯವಾಣಿಗೆ ಕರೆ ಮಾಡೋಣ ಅಂದರೆ ‘ಒಂದನ್ನು ಒತ್ತಿ’ ಅನ್ನುತ್ತದೆ. ಒತ್ತುತ್ತೀರಿ. ಮಾತನ್ನು ಜಾಸ್ತಿ ಹಿಂಡಿ ಕಳಿಸಿದರೆ ಗುಂಡಿಯ ಸದ್ದೂ ಹಿಂಡಿಹೋಗುತ್ತದೆ. ಆದ್ದರಿಂದ ಅದನ್ನು ಬೇರೆಯಾಗಿ ಕಳಿಸುವ ಸೆಟ್ಟಿಂಗ್ ಇದೆ. ಅದು ಎರಡೂ ಕಡೆ ಹೊಂದದಿದ್ದರೆ ಆ ಕಡೆಯಿಂದ ಒಂದೇ ಉತ್ತರ: ‘ನೀವು ಏನನ್ನೂ ಒತ್ತಿಲ್ಲ.’

ಅಂತೂ ಎಲ್ಲ ಸರಿಹೋಯಿತು ಅಂದುಕೊಳ್ಳಿ. ನಡುರಾತ್ರಿ ಫೋನ್ ಬಡಿದುಕೊಳ್ಳುತ್ತದೆ. ಕರೆದವರ ನಂಬರ್ ಬರೀ 1001. ಎತ್ತಿದರೆ ಯಾರೂ ಇಲ್ಲ. ದೆವ್ವ ಅಲ್ಲ. ಯಾರದೋ ಯಂತ್ರ ಪ್ರಪಂಚದ ಬಾಗಿಲುಗಳನ್ನೆಲ್ಲ ತಟ್ಟುತ್ತ, ಸಿಪ್ ಬಳಸುವ ಬಾಗಿಲಾದ 5060ನೇ ಪೋರ್ಟ್ ಯಾರ ಮನೆಯಲ್ಲಿ ತೆರೆದಿದೆ ಅಂತ ನೋಡುತ್ತಿದೆ. ಇದನ್ನು ತಡೆಯೋಕೂ ಒಂದು ಸೆಟ್ಟಿಂಗ್ ಇದೆ. ಎಕ್ಸ್‌ಚೇಂಜಿನಲ್ಲಾದರೆ ರಾತ್ರಿ ಪಾಳಿಗೆ ಬೇರೆಯವರು ಬರುತ್ತಿದ್ದರು. ಇಲ್ಲಿ ಆ ಪಾಳಿಯೂ ನಿಮ್ಮದೇ, ಏಳಿ.